ಅಳತೆಪಟ್ಟಿ ಹಿಡಿದು ವಾಟರ್‌ಲೂ ಓದುವುದು: ಮಸ್ಕೆಟ್ ಮತ್ತು ಹಾಯಿಹಡಗಿನ ಕಾಲದ ಕದನಗಳಿಗೆ ಸಮಗ್ರ ಮಾರ್ಗದರ್ಶಿ

ಯುರೋಪಿನ ಯುದ್ಧಗಳ ಇತಿಹಾಸಕ್ಕೆ ಕೈಹಾಕುವವರು ಹೆಚ್ಚಾಗಿ ಸೇನಾಪತಿಗಳ ಜೀವನಚರಿತ್ರೆಯಿಂದ ಶುರುಮಾಡುತ್ತಾರೆ. ನೂರು ಪುಟ ದಾಟುವಷ್ಟರಲ್ಲಿ ಡ್ಯೂಕುಗಳು, ಮಾರ್ಷಲ್‌ಗಳು, ನದಿಗಳು, ಒಪ್ಪಂದಗಳು ಎಲ್ಲ ಕಲಸುಮೇಲೋಗರವಾಗಿ ಪುಸ್ತಕ ಕಪಾಟು ಸೇರುತ್ತದೆ. ಇಲ್ಲಿ ಹೇಳುವ ದಾರಿ ಬೇರೆ. ಒಂದೇ ಕದನ ಹಿಡಿಯಿರಿ. ಅದರ ಬಯಲನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದು, ಸೈನ್ಯಗಳನ್ನು ಗಡಿಯಾರದ ಪ್ರಕಾರ ನಡೆಸಿ ನೋಡಿ. ಕೋವಿ ಎಷ್ಟು ದೂರ ಹೊಡೆಯುತ್ತಿತ್ತು, ಆರುನೂರು ಜನ ಸಾಲುಗಟ್ಟಿದರೆ ಎಷ್ಟು ಜಾಗ ಹಿಡಿಯುತ್ತಿತ್ತು ಎಂಬುದು ಕೈಗೆ ಸಿಕ್ಕಿದ ಮೇಲೆ ಸೇನಾಪತಿಗಳ ನಿರ್ಧಾರಗಳು ತಾವಾಗಿ ಅರ್ಥವಾಗತೊಡಗುತ್ತವೆ.

ಮೊದಲ ಕದನವಾಗಿ, ನೆಪೋಲಿಯನ್ನನ ಫ್ರೆಂಚ್ ಸೈನ್ಯಕ್ಕೂ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್‌ಟನ್ನನ ಮಿತ್ರಪಡೆ ಮತ್ತು ಪ್ರಶ್ಯನ್ನರಿಗೂ ಇಂದಿನ ಬೆಲ್ಜಿಯಂನಲ್ಲಿ ನಡೆದ 1815ರ ಜೂನ್ 18ರ ವಾಟರ್‌ಲೂ ಒಳ್ಳೆಯ ಆಯ್ಕೆ. ಬಯಲು ಚಿಕ್ಕದು, ಒಂದೇ ದಿನದಲ್ಲಿ ಮುಗಿದದ್ದು, ಕಣ್ಣಾರೆ ಕಂಡವರ ಬರವಣಿಗೆ ಹೇರಳ. ಕನ್ನಡ ಓದುಗರಿಗೆ ಅಲ್ಲಿನ ವೆಲ್ಲಿಂಗ್‌ಟನ್ ಅಪರಿಚಿತನೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ವೇಳೆ ಸುಲ್ತಾನ್‌ಪೇಟೆಯ ಮರದ ತೋಪಿನಲ್ಲಿ ಕತ್ತಲಲ್ಲಿ ದಾರಿತಪ್ಪಿ ಹಿಮ್ಮೆಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ.

ಹಂತ 1: ಕಾಗದ ಸಿದ್ಧಮಾಡಿಕೊಳ್ಳುವುದು

ನಾಲ್ಕು ಎ4 ಗ್ರಾಫ್ ಹಾಳೆಗಳನ್ನು ಅಂಟಿಸಿದರೆ ಸುಮಾರು 59 × 42 ಸೆಂ.ಮೀ. ಆಗುತ್ತದೆ. ಅಳತೆ 1 ಸೆಂ.ಮೀ.ಗೆ 100 ಮೀಟರ್ ಇಟ್ಟುಕೊಳ್ಳಿ. ವಾಟರ್‌ಲೂದ ರಣರಂಗ ಉದ್ದಕ್ಕೆ ಸುಮಾರು 5 ಕಿ.ಮೀ.; ಆರಾಮವಾಗಿ ಹಿಡಿಸುತ್ತದೆ. ಪೆನ್ಸಿಲ್, ರಬ್ಬರ್, ಅಳತೆಪಟ್ಟಿ, ಬಣ್ಣದ ಕಾಗದ, ಕತ್ತರಿ, ದಾರ ಇಷ್ಟು ಸಾಕು.

ತಳನಕ್ಷೆಗೆ ಇಂದಿನ ಉಪಗ್ರಹ ಚಿತ್ರವನ್ನೇ ನಂಬಬೇಡಿ. ಆಗಿನ ಆಸ್ಟ್ರಿಯನ್ ನೆದರ್‌ಲ್ಯಾಂಡ್ಸ್ ಸೀಮೆಯನ್ನು 1770ರ ದಶಕದಲ್ಲಿ 1:11,520 ಅಳತೆಯಲ್ಲಿ ಅಳೆದು ಬರೆದ ಫೆರಾರಿಸ್ ನಕ್ಷೆಯನ್ನು ಬೆಲ್ಜಿಯಂನ ರಾಜ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ. ನಿಮ್ಮ ಕಾಗದದ ಅಳತೆಗೆ ಅದು ಬಹಳ ಹತ್ತಿರ. ಅದರಿಂದ ಬ್ರಸೆಲ್ಸ್–ಶಾರ್ಲ್‌ರುವಾ ಹೆದ್ದಾರಿ, ಹೂಗುಮಾಂಟ್, ಲಾ ಹೇ ಸೆಂಟ್, ಪಾಪ್ಲೋಟ್ ತೋಟದಮನೆಗಳು, ಪ್ಲಾನ್ಸೆನ್ವಾ ಊರು ಇಷ್ಟನ್ನು ಗುರುತಿಸಿ. ಆಮೇಲೆ ಇಂದಿನ ಭೂಪಟದಿಂದ ಎತ್ತರದ ಗೆರೆಗಳನ್ನು ತುಂಬಿ. ಒಂದು ಕಡೆ ಮಾತ್ರ ಎಚ್ಚರ. ಈಗ ಅಲ್ಲಿ ನಿಂತಿರುವ ಸಿಂಹದ ದಿಬ್ಬವನ್ನು 1820ರಿಂದ 1826ರವರೆಗೆ ಕಟ್ಟಿದ್ದು ವೆಲ್ಲಿಂಗ್‌ಟನ್ನನ ಸೈನ್ಯ ನಿಂತಿದ್ದ ಏಣಿನ, ಅಂದರೆ ಉದ್ದ ದಿಣ್ಣೆಯ, ಮಣ್ಣನ್ನೇ ಕೆತ್ತಿ. ಹಾಗಾಗಿ ಮಿತ್ರಪಡೆಯ ನಡುಭಾಗದಲ್ಲಿ ಇಂದಿನ ಎತ್ತರದ ಗೆರೆಗಳು ಸುಳ್ಳು ಹೇಳುತ್ತವೆ. ಅಲ್ಲಿದ್ದ ತಗ್ಗಿನ ರಸ್ತೆಯ ಒಂದು ಭಾಗವೂ ಆಗಲೇ ಮಾಯವಾಯಿತು.

ಹಂತ 2: ಹೆಸರು, ತಾರೀಖು, ತೂಕದ ಬಲೆಗಳು

ಹೊಸಬರು ಮೊದಲು ಎಡವುವುದು ಇಲ್ಲಿಯೇ. ಒಂದೇ ಕದನಕ್ಕೆ ದೇಶಕ್ಕೊಂದು ಹೆಸರು. ವಾಟರ್‌ಲೂ ಎಂಬುದು ವೆಲ್ಲಿಂಗ್‌ಟನ್ ಬಿಡಾರ ಹೂಡಿದ್ದ ಊರು. ಕಾದಾಟ ನಡೆದದ್ದು ಅದರ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ. ಫ್ರೆಂಚರ ಹಳೆಯ ಬರಹಗಳಲ್ಲಿ ಇದು ಮಾಂಟ್ ಸೇಂಟ್ ಜಾನ್, ಪ್ರಶ್ಯನ್ನರಿಗೆ ಬೆಲ್ ಅಲಿಯಾನ್ಸ್. 1704ರ ಬ್ಲೆನ್‌ಹೈಮ್ ಜರ್ಮನರಿಗೆ ಹಾಕ್‌ಸ್ಟೆಟ್, 1812ರ ಬೊರೊಡಿನೊ ಫ್ರೆಂಚರಿಗೆ ಮಾಸ್ಕ್ವಾ. ಹುಡುಕುವಾಗ ಎಲ್ಲ ಹೆಸರುಗಳನ್ನೂ ಹಾಕಿ ನೋಡಬೇಕು.

ತಾರೀಖಿನ ಗೊಂದಲ ಇನ್ನೂ ದೊಡ್ಡದು. ಬ್ರಿಟನ್ 1752ರವರೆಗೂ, ರಷ್ಯಾ ಇಪ್ಪತ್ತನೆಯ ಶತಮಾನದವರೆಗೂ ಜೂಲಿಯನ್ ಪಂಚಾಂಗ ಬಿಡಲಿಲ್ಲ. 1709ರ ಪೊಲ್ಟಾವಾ ಕದನಕ್ಕೆ ಮೂರು ತಾರೀಖು ಸಿಗುತ್ತವೆ: ರಷ್ಯನ್ನರ ಲೆಕ್ಕಕ್ಕೆ ಜೂನ್ 27, ಆಗಿನ ಸ್ವೀಡನ್ನಿನ ವಿಚಿತ್ರ ಪಂಚಾಂಗಕ್ಕೆ ಜೂನ್ 28, ನಮ್ಮ ಇಂದಿನ ಲೆಕ್ಕಕ್ಕೆ ಜುಲೈ 8. ಮೂರೂ ಸರಿಯೇ. ಫ್ರಾನ್ಸಿನಲ್ಲಿ 1793ರಿಂದ 1805ರ ಕೊನೆಯವರೆಗೆ ಕ್ರಾಂತಿಯ ಪಂಚಾಂಗ. 1805ರ ಟ್ರಫಾಲ್ಗರ್ ನೌಕಾ ಕದನದ ದಿನ ಅದರಲ್ಲಿ 14ನೇ ವರ್ಷದ ವಾಂದೆಮಿಯೇರ್ 29.

ತೂಕ ಅಳತೆಗಳೂ ಹೀಗೆಯೇ. ಬ್ರಿಟಿಷ್ ಪೌಂಡು 453.6 ಗ್ರಾಂ, ಹಳೆಯ ಫ್ರೆಂಚ್ ಪೌಂಡು 489.5 ಗ್ರಾಂ. ಆದ್ದರಿಂದ ಫ್ರೆಂಚರ '12 ಪೌಂಡಿನ' ತೋಪು ಇಂಗ್ಲಿಷ್ ಲೆಕ್ಕದಲ್ಲಿ ಸುಮಾರು 13 ಪೌಂಡಿನ ಗುಂಡು ಎಸೆಯುತ್ತಿತ್ತು. ಹಡಗಿನ 36 ಪೌಂಡಿನದು ಹತ್ತಿರ ಹತ್ತಿರ 39. ಫ್ರೆಂಚ್ ಅಂಗುಲ 27 ಮಿ.ಮೀ. ನೆಪೋಲಿಯನ್ನನ ಎತ್ತರವೆಂದು ಬರೆದ 5 ಅಡಿ 2 ಅಂಗುಲವನ್ನು ಆ ಲೆಕ್ಕದಲ್ಲಿ ಗುಣಿಸಿ: 168 ಸೆಂ.ಮೀ. ಬರುತ್ತದೆ. ಕುಳ್ಳ ಎಂಬ ಹಣೆಪಟ್ಟಿಯ ಹಿಂದೆ ಈ ಅಂಗುಲದ ಗಲಿಬಿಲಿಯೂ ಇದೆ.

ಹಂತ 3: ಕೋವಿಯನ್ನು ಅರ್ಥಮಾಡಿಕೊಳ್ಳುವುದು

ಮಲೆನಾಡಿನಲ್ಲಿ ಕೇಪಿನ ಕೋವಿ ತುಂಬುವುದನ್ನು ನೋಡಿದವರಿಗೆ ಅರ್ಧ ಕೆಲಸ ಹಗುರ. ಮಸ್ಕೆಟ್ಟಿಗೂ ಬಾಯಿಯಿಂದಲೇ ಮದ್ದು ತುಂಬಬೇಕು. ವ್ಯತ್ಯಾಸ ಕಿಡಿಯಲ್ಲಿ. ಇಲ್ಲಿ ಕೇಪಿನ ಬದಲು ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿಸುತ್ತದೆ.

ಸೈನಿಕ ಚೀಲದಿಂದ ಕಾಗದದ ತೋಟೆ ತೆಗೆದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ. ಚಿಟಿಕೆ ಮದ್ದನ್ನು ಕೋವಿಯ ಕಿವಿಯ (ಕಿಡಿ ಒಳಹೋಗುವ ರಂಧ್ರದ) ಬಳಿಯ ಬಟ್ಟಲಿಗೆ ಹಾಕಿ ಮುಚ್ಚುತ್ತಾನೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಕಾಗದದ ಸಮೇತ ತುರುಕುತ್ತಾನೆ. ಸಲಾಕೆ ಎಳೆದು ಜಡಿದು, ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸುತ್ತಾನೆ. ಕೋವಿಯ ಕುದುರೆ (ಕಲ್ಲು ಕಚ್ಚಿಕೊಂಡ ಸುತ್ತಿಗೆ) ಎತ್ತಿ, ಕೋವಿ ಏರಿಸಿ, ಹೊಡೆಯುತ್ತಾನೆ. ಪಳಗಿದವನಿಗೆ ನಿಮಿಷಕ್ಕೆ ಎರಡು ಮೂರು ಈಡು. ಒಂದು ಕೋಲು ಹಿಡಿದು ಈ ಚಲನೆಗಳನ್ನು ನೀವೇ ಗಡಿಯಾರ ಇಟ್ಟು ಮಾಡಿ ನೋಡಿ. ನಾಚಿಕೆ ಬೇಡ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುವುದು ಎಷ್ಟು ಕಷ್ಟವೆಂದು ತಿಳಿಯುವ ಬೇರೆ ಉಪಾಯವಿಲ್ಲ.

ಬ್ರಿಟಿಷ್ ಬ್ರೌನ್ ಬೆಸ್ ಕೋವಿಯ ಬಾಯಿ 0.75 ಅಂಗುಲ, ಗುಂಡು ಸುಮಾರು 0.69 ಅಂಗುಲ, ಪೌಂಡಿಗೆ 14 ಗುಂಡು, ಅಂದರೆ ಒಂದೊಂದು 32 ಗ್ರಾಂ. ಫ್ರೆಂಚ್ ಕೋವಿಯ ಬಾಯಿ 17.5 ಮಿ.ಮೀ., ಅವರ ಪೌಂಡಿಗೆ 20 ಗುಂಡು, ಒಂದಕ್ಕೆ 24.5 ಗ್ರಾಂ. ಬಾಯಿಗೂ ಗುಂಡಿಗೂ ನಡುವೆ ಬೇಕೆಂದೇ ಬಿಟ್ಟ ಸಂದು ಇದೆ. ಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಕಿಟ್ಟವಾಗಿ ಉಳಿದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಗುಂಡು ಬಿಗಿಯಾಗಿದ್ದರೆ ಹತ್ತನೆಯ ಈಡಿಗೆ ಒಳಗೆ ಇಳಿಯುವುದೇ ಇಲ್ಲ. ಸಡಿಲವಾಗಿದ್ದರೆ ನಳಿಗೆಯ ಗೋಡೆಗೆ ಬಡಿಯುತ್ತಾ ಹೋಗಿ ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹಾರುತ್ತದೆ. ಹೀಗಾಗಿ ನೂರು ಮೀಟರಿನಾಚೆ ಒಬ್ಬನಿಗೆ ಗುರಿಯಿಟ್ಟು ಹೊಡೆಯುವುದು ವ್ಯರ್ಥ. ಸಾಲಾಗಿ ನಿಂತು ಒಟ್ಟಿಗೆ ಹೊಡೆಯುತ್ತಿದ್ದರ ಹಿಂದೆ ಇರುವುದು ದಡ್ಡತನವಲ್ಲ, ಈ ಸಂದು.

ಏನೆಲ್ಲ ಕೆಡುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಕಲ್ಲು ಸವೆದರೆ ಕಿಡಿಯಿಲ್ಲ. ಮಳೆಗೆ ಬಟ್ಟಲಿನ ಮದ್ದು ನೆಂದರೆ ಬೆಂಕಿಯಿಲ್ಲ. ಕಿವಿಯ ರಂಧ್ರ ಕಿಟ್ಟದಿಂದ ಕಟ್ಟಿಕೊಂಡರೆ ಬಟ್ಟಲಲ್ಲಿ ಭುಗ್ ಎಂದು ಉರಿದು ಅಲ್ಲಿಗೇ ಮುಗಿಯುತ್ತದೆ. ಸುತ್ತಲ ಗದ್ದಲದಲ್ಲಿ ತನ್ನ ಕೋವಿ ಹಾರಲೇ ಇಲ್ಲವೆಂಬುದು ಗೊತ್ತಾಗದೆ ಅದರ ಮೇಲೇ ಇನ್ನೊಂದು ತೋಟೆ ಜಡಿಯುವವರಿದ್ದರು. ಅವಸರದಲ್ಲಿ ಸಲಾಕೆಯನ್ನು ನಳಿಗೆಯಲ್ಲೇ ಮರೆತು ಹಾರಿಸಿದವನಿಗೆ ಮುಂದಿನ ಈಡು ತುಂಬಲು ಸಾಧನವೇ ಇಲ್ಲ.

ಹಂತ 4: ತಲೆಗಳನ್ನು ಮೀಟರಿಗೆ ತಿರುಗಿಸುವುದು

ಸಾಲಿನಲ್ಲಿ ಒಬ್ಬನಿಗೆ ಸಿಗುತ್ತಿದ್ದ ಅಗಲ ಸುಮಾರು 53 ಸೆಂ.ಮೀ. 600 ಜನರ ಬ್ರಿಟಿಷ್ ಪಟಾಲಂ ಎರಡು ಸಾಲಾದರೆ 300 × 0.53 = 159 ಮೀಟರ್. ನಿಮ್ಮ ಕಾಗದದಲ್ಲಿ 1.6 ಸೆಂ.ಮೀ. ಫ್ರೆಂಚರು ಮೂರು ಸಾಲು ನಿಲ್ಲುತ್ತಿದ್ದರಿಂದ ಅದೇ 600 ಜನ ನೂರು ಮೀಟರ್ ಚಿಲ್ಲರೆಯಲ್ಲಿ ಮುಗಿಯುತ್ತಾರೆ. ಈ ಅಳತೆಯ ಪಟ್ಟಿಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ.

ಕುದುರೆದಳ ಬಂದರೆ ಪಟಾಲಂ ಚೌಕ ಕಟ್ಟುತ್ತದೆ. 500 ಜನ, ನಾಲ್ಕು ಮುಖ, ಪ್ರತಿ ಮುಖ ನಾಲ್ಕು ಸಾಲು ದಪ್ಪ ಎಂದುಕೊಳ್ಳಿ. ಮುಖಕ್ಕೆ 125 ಜನ, ಸಾಲಿಗೆ 31 ಜನ, 17 ಮೀಟರ್ ಅಗಲ. ನಮ್ಮೂರ ಒಂದು ಕಣದಷ್ಟು ಜಾಗ. ಚಿತ್ರಗಳಲ್ಲಿ ಕೋಟೆಯಂತೆ ಕಾಣುವ ಚೌಕ ನಿಜವಾಗಿ ಇಷ್ಟೇ ಎಂದು ಕಾಗದದಲ್ಲಿ ನೋಡಿದಾಗ ಬಹಳ ಜನ ನಂಬುವುದಿಲ್ಲ.

ಈಗ ಸಂಜೆ ನಾಲ್ಕರ ಹೊತ್ತಿಗೆ ಶುರುವಾದ ಫ್ರೆಂಚ್ ಮಾರ್ಷಲ್ ನೇ ನಡೆಸಿದ ಕುದುರೆ ದಾಳಿಗೆ ಇದನ್ನು ಹಚ್ಚಿ. ಹೂಗುಮಾಂಟಿಗೂ ಲಾ ಹೇ ಸೆಂಟಿಗೂ ನಡುವೆ ಇರುವುದು ಸುಮಾರು ಒಂದು ಕಿಲೋಮೀಟರ್. ಕುದುರೆಗೆ ಒಂದು ಮೀಟರ್ ಅಗಲ ಕೊಟ್ಟರೆ ಒಂದು ಸಾಲಿಗೆ ಸಾವಿರವೂ ಹಿಡಿಸದು. ಅಲ್ಲಿ ಹಂತಹಂತವಾಗಿ ನುಗ್ಗಿದ್ದು ಒಂಬತ್ತು ಸಾವಿರದಷ್ಟು ರಾವುತರು, ಅದೂ ಕೆಸರಿನ ಏರಿನಲ್ಲಿ. ಎದುರಿಗೆ ಚದುರಂಗದ ಮನೆಗಳ ಹಾಗೆ ಚೌಕಗಳು. ಬಂದೂಕಿನ ಕತ್ತಿಗಳ ಬೇಲಿಗೆ ಕುದುರೆ ಎದೆಕೊಡುವುದಿಲ್ಲ, ಪಕ್ಕಕ್ಕೆ ಹೊರಳುತ್ತದೆ; ಹೊರಳಿದರೆ ಪಕ್ಕದ ಚೌಕದ ಗುಂಡಿಗೆ ಸಿಗುತ್ತದೆ. ಜೊತೆಗೆ ಸಾಕಷ್ಟು ಕಾಲಾಳು, ತೋಪುಗಳನ್ನು ಕಳಿಸದೆ ಬರೀ ಕುದುರೆ ಕಳಿಸಿದ್ದೇ ಇಲ್ಲಿನ ಮುಖ್ಯ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಸಂಖ್ಯೆಗಳನ್ನು ತೆಗೆದುಕೊಳ್ಳುವಾಗ ಒಂದು ಎಚ್ಚರ. ಬ್ರಿಟಿಷ್ ಹಾಜರಿ ಪಟ್ಟಿಗಳು ಎಷ್ಟೋ ಸಲ ಸಾಮಾನ್ಯ ಸಿಪಾಯಿ, ಕಾರ್ಪೊರಲ್‌ಗಳನ್ನು ಮಾತ್ರ ಎಣಿಸುತ್ತವೆ. ಅಧಿಕಾರಿ, ಸಾರ್ಜೆಂಟ್, ನಗಾರಿಯವರು ಬೇಕಾದರೆ ಎಂಟನೆಯ ಒಂದು ಭಾಗ ಸೇರಿಸಬೇಕು. ಫ್ರೆಂಚ್ ಪಟ್ಟಿಯಲ್ಲಿ ಎಲ್ಲರೂ ಇರುತ್ತಾರೆ. ಇದನ್ನು ಮರೆತರೆ ಬ್ರಿಟಿಷರು ಪ್ರತಿ ಕದನವನ್ನೂ ಕಡಿಮೆ ಜನರಿಂದ ಗೆದ್ದಂತೆ ಕಾಣುತ್ತದೆ. ಇನ್ನೊಂದು: ವೆಲ್ಲಿಂಗ್‌ಟನ್ನನ ಸುಮಾರು 68,000 ಜನರಲ್ಲಿ ಬ್ರಿಟಿಷರು ಅರ್ಧದಷ್ಟೂ ಇರಲಿಲ್ಲ. ಉಳಿದವರು ಡಚ್ಚರು, ಬೆಲ್ಜಿಯನ್ನರು, ಹ್ಯಾನೋವರ್, ಬ್ರನ್ಸ್‌ವಿಕ್, ನಸಾವ್ ಸೀಮೆಗಳವರು. ಅವರಿಗೆ ಬೇರೆ ಬೇರೆ ಬಣ್ಣ ಕೊಡಿ.

ಹಂತ 5: ತೋಪು, ಕೆಸರು, ನಡಿಗೆ

ಕಬ್ಬಿಣದ ಗುಂಡು ಎಂಟು ಒಂಬೈನೂರು ಮೀಟರಿನವರೆಗೆ ಕೆಲಸಕ್ಕೆ ಬರುತ್ತದೆ. ಮುನ್ನೂರು ಮೀಟರಿನೊಳಗೆ ಶತ್ರು ಬಂದರೆ ಡಬ್ಬಿಗುಂಡು, ಅಂದರೆ ತಗಡಿನ ಡಬ್ಬಿ ತುಂಬ ಚಿಕ್ಕ ಗುಂಡುಗಳು. ನಕ್ಷೆಯ ಮೇಲೆ ಪ್ರತಿ ತೋಪುಸಾಲಿಗೂ 9 ಸೆಂ.ಮೀ., 3 ಸೆಂ.ಮೀ. ದಾರ ಹಿಡಿದು ಎರಡು ಕಮಾನು ಎಳೆಯಿರಿ.

ಗಟ್ಟಿನೆಲದಲ್ಲಿ ಗುಂಡು ಕೆರೆಗೆ ಎಸೆದ ಬಿಲ್ಲೆಕಲ್ಲಿನಂತೆ ಪುಟಿಯುತ್ತಾ ಹೋಗಿ ಸಾಲುಗಳನ್ನು ಕೊಚ್ಚುತ್ತದೆ. ಜೂನ್ 17ರ ರಾತ್ರಿಯಿಡೀ ಮಳೆ. ನೆಲ ಮೆತ್ತಗಾಗಿ ಬಹಳಷ್ಟು ಗುಂಡುಗಳು ಬಿದ್ದಲ್ಲೇ ಹೂತುಹೋದವು. ತೋಪುಗಳನ್ನು ಎಳೆದು ತರುವುದೂ ತಡವಾಯಿತು. ಇದರ ಮೇಲೆ ವೆಲ್ಲಿಂಗ್‌ಟನ್ ತನ್ನ ಕಾಲಾಳುಗಳಲ್ಲಿ ಹೆಚ್ಚಿನವರನ್ನು ಏಣಿನ ಹಿಂಬದಿಯ ಇಳಿಜಾರಿನಲ್ಲಿ ಮಲಗಿಸಿದ್ದ. ನಿಮ್ಮ ನಕ್ಷೆಯಲ್ಲಿ ಫ್ರೆಂಚ್ ತೋಪುಗಳಿಂದ ಏಣಿನ ತುದಿಗೆ ಗೆರೆ ಎಳೆದರೆ ಅವರಿಗೆ ಕಾಣದಿದ್ದುದು ಏನೆಂದು ತಿಳಿಯುತ್ತದೆ.

ನಡಿಗೆಯ ಲೆಕ್ಕ ಸುಲಭ. ಫ್ರೆಂಚರ ಸಾಧಾರಣ ನಡೆ ನಿಮಿಷಕ್ಕೆ 76 ಹೆಜ್ಜೆ, ಹೆಜ್ಜೆಗೆ 65 ಸೆಂ.ಮೀ., ಅಂದರೆ ಸುಮಾರು 49 ಮೀಟರ್. ದೊಡ್ಡ ತೋಪುಸಾಲು ನಿಂತಿದ್ದ ನಡುದಿಣ್ಣೆಯಿಂದ ಮಿತ್ರಪಡೆಯ ಏಣಿಗೆ ಸುಮಾರು 600 ಮೀಟರ್. ಒಂದೂವರೆಯ ಹೊತ್ತಿಗೆ ಹೊರಟ ಫ್ರೆಂಚ್ ಸೇನಾನಿ ಡೆರ್ಲಾನ್‌ನ ಕಾಲಾಳು ಪಡೆಗೆ ಹನ್ನೆರಡು ನಿಮಿಷ, ಎದೆಮಟ್ಟ ಬೆಳೆದ ರೈ ಪೈರು ಮತ್ತು ಕೆಸರು ಸೇರಿದರೆ ಇನ್ನೂ ಹೆಚ್ಚು. ನಿಮಿಷಕ್ಕೆ ಎರಡರಂತೆ ಒಂದೊಂದು ತೋಪೂ ಇಪ್ಪತ್ತನಾಲ್ಕು ಸಲ ಹಾರಿಸುವಷ್ಟು ಹೊತ್ತು.

ಬ್ರಿಟಿಷರ ಕಡೆ ರಾಕೆಟ್ ತುಕಡಿಯೂ ಒಂದಿತ್ತು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಕಂಡ ಮೇಲೆ ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಬೆಳೆಸಿದ ಮಾದರಿ ಅದು. 1807ರಲ್ಲಿ ಕೋಪನ್‌ಹೇಗನ್, 1813ರಲ್ಲಿ ಲೈಪ್‌ಜಿಗ್ ನೋಡಿ ಇಲ್ಲಿಗೆ ಬಂದಿತ್ತು.

ಹಂತ 6: ಗಡಿಯಾರ

ಆಗ ಯಾರ ಗಡಿಯಾರವೂ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಮೊದಲ ತೋಪು ಹಾರಿದ ಹೊತ್ತಿಗೆ ಹತ್ತರಿಂದ ಹನ್ನೆರಡರವರೆಗೆ ಸಾಕ್ಷಿಗಳು ಸಿಗುತ್ತಾರೆ. ಹನ್ನೊಂದೂವರೆ ಎಂದು ಹಿಡಿಯುವುದು ವಾಡಿಕೆ. ನಿಮಿಷದ ಪಟ್ಟಿ ಮಾಡಬೇಡಿ, ಕ್ರಮದ ಪಟ್ಟಿ ಮಾಡಿ: ಯಾವುದರ ಮುಂಚೆ ಯಾವುದು, ಯಾವುದು ಕಂಡ ಮೇಲೆ ಯಾವುದು. ನಾಲ್ಕೂವರೆಗೆ ಸೇನಾನಿ ಬೂಲೋನ ಕೈಕೆಳಗಿನ ಪ್ರಶ್ಯನ್ನರು ಪೂರ್ವದಿಂದ ಪ್ಲಾನ್ಸೆನ್ವಾ ಕಡೆ ಬರತೊಡಗಿದ್ದು, ಆರು ದಾಟಿ ಲಾ ಹೇ ಸೆಂಟ್ ಬಿದ್ದದ್ದು, ಏಳೂವರೆಗೆ ನೆಪೋಲಿಯನ್ನನ ಆಯ್ದ ದಳವಾದ ಇಂಪೀರಿಯಲ್ ಗಾರ್ಡ್ ಏರಿದ್ದು, ಈ ಮೂರನ್ನು ಗೂಟಗಳಾಗಿ ನೆಟ್ಟು ಉಳಿದದ್ದನ್ನು ಅವುಗಳಿಗೆ ಕಟ್ಟಿ.

ಹಂತ 7: ಲೆಕ್ಕವನ್ನು ಒಂದು ಕಡೆ ಪರೀಕ್ಷಿಸುವುದು

ಲಾ ಹೇ ಸೆಂಟ್ ಇದಕ್ಕೆ ಹೇಳಿಮಾಡಿಸಿದ ಜಾಗ. ಏಣಿನ ಮುಂದೆ ಇನ್ನೂರು ಮೀಟರ್ ಆಸುಪಾಸಿನಲ್ಲಿ, ಹೆದ್ದಾರಿಯ ಪಕ್ಕದ ತೋಟದಮನೆ. ಮೇಜರ್ ಗಿಯೋರ್ಗ್ ಬಾರಿಂಗ್ ಕೈಕೆಳಗೆ ಕಿಂಗ್ಸ್ ಜರ್ಮನ್ ಲೀಜನ್ನಿನ (ಬ್ರಿಟಿಷ್ ಸೇವೆಯಲ್ಲಿದ್ದ ಜರ್ಮನರ ದಳದ) ಸುಮಾರು 400 ಜನ, ತಲೆಗೆ 60 ತೋಟೆ. ನಿಮಿಷಕ್ಕೆ ಎರಡರಂತೆ ಹೊಡೆದರೆ ಅರ್ಧ ಗಂಟೆಗೆ ಚೀಲ ಖಾಲಿ. ಅವರು ಹಿಡಿದು ನಿಂತದ್ದು ಒಂದೂವರೆಯಿಂದ ಆರರ ನಂತರದವರೆಗೆ. ಐದು ಗಂಟೆಗೆ ಹಂಚಿದರೆ ಐದು ನಿಮಿಷಕ್ಕೆ ಒಂದೇ ಈಡು. ನಡುವೆ ಸಹಾಯಕ್ಕೆ ಜನ ಬಂದರು, ಮದ್ದು ಮಾತ್ರ ಬರಲಿಲ್ಲ. ಬಾರಿಂಗ್ ಮತ್ತೆ ಮತ್ತೆ ಹೇಳಿಕಳಿಸಿದ್ದ.

ಪಕ್ಕದ ಪಟಾಲಂನಿಂದ ಏಕೆ ಸಾಲ ತರಲಿಲ್ಲ ಎಂದು ಕೇಳುವವರಿಗೆ ಉತ್ತರ ಮೂರನೆಯ ಹಂತದಲ್ಲಿದೆ. ಬಾರಿಂಗನ ಜನರ ಕೈಯಲ್ಲಿದ್ದದ್ದು ಬೇಕರ್ ರೈಫಲ್, ಬಾಯಿ 0.625 ಅಂಗುಲ. ಸುತ್ತಲಿನ ಕಾಲಾಳುಗಳ 0.69 ಅಂಗುಲದ ಗುಂಡು ಅದರೊಳಗೆ ಹೋಗುವುದೇ ಇಲ್ಲ. ಕೊನೆಗೆ ಹೊರಬಂದವರು ನಲವತ್ತರ ಆಸುಪಾಸು. ಆ ಮನೆ ಕೈಬಿಟ್ಟೊಡನೆ ಫ್ರೆಂಚರು ತೋಪುಗಳನ್ನು ಏಣಿಗೆ ಎಷ್ಟು ಹತ್ತಿರ ತರಬಹುದಾಯಿತೆಂದು 3 ಸೆಂ.ಮೀ. ದಾರ ಹಿಡಿದು ನೋಡಿ.

ಹಂತ 8: ಸಾಕ್ಷಿಗಳನ್ನು ತೂಗುವುದು

ಪ್ರತಿ ಹೇಳಿಕೆಯ ಪಕ್ಕದಲ್ಲಿ ಮೂರು ಬರೆಯಿರಿ: ಯಾವಾಗ ಬರೆದದ್ದು, ಎಲ್ಲಿ ನಿಂತಿದ್ದವನು, ಹೊಗೆಯ ಆಚೆ ಅವನಿಗೆ ಏನು ಕಾಣಬಹುದಿತ್ತು. ವೆಲ್ಲಿಂಗ್‌ಟನ್ನನ ವರದಿ ಜೂನ್ 19ರದು. ವಿಲಿಯಂ ಸೈಬೋರ್ನ್ ಸಂಗ್ರಹಿಸಿದ ಅಧಿಕಾರಿಗಳ ಪತ್ರಗಳು 1830ರ ದಶಕದವು. ರಣರಂಗದ ಮಾದರಿ ಕಟ್ಟಲೆಂದು ಸಂಜೆ ಏಳರ ಸ್ಥಿತಿಯನ್ನು ಕೇಳಿ ತರಿಸಿದ್ದು. ಇಪ್ಪತ್ತು ವರ್ಷ ತಮ್ಮೊಳಗೆ ಹೇಳಿಕೊಂಡ ಕಥೆ ಅಷ್ಟು ಹೊತ್ತಿಗೆ ಎಲ್ಲರದೂ ಒಂದೇ ಆಗಿರುತ್ತದೆ. ಆ ಮಾದರಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಸಾಮಾನ್ಯ ಸಿಪಾಯಿಯ ಜಾಡು ಹಿಡಿಯಲು ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲಾಗಾರವಿದೆ. ಅಲ್ಲಿನ ಕಡತ ಸರಣಿಗಳಲ್ಲಿ ಡಬ್ಲ್ಯೂಒ 12 ಸಂಬಳದ ಹಾಜರಿ ಪಟ್ಟಿ, ಡಬ್ಲ್ಯೂಒ 97 ನಿವೃತ್ತಿ ಕಾಗದ, ಡಬ್ಲ್ಯೂಒ 100 ಪದಕದ ಪಟ್ಟಿ. ಫ್ರೆಂಚರಿಗೆ ವಾನ್ಸೆನ್ ಕೋಟೆಯ ಸೇನಾ ದಾಖಲಾಗಾರ. ಲೀಜನ್ ಆಫ್ ಆನರ್ ಎಂಬ ಫ್ರೆಂಚ್ ಗೌರವ ಪಡೆದವರ ಕಡತಗಳು 'ಲೆಯೊನೋರ್' ತಾಣದಲ್ಲಿ ಉಚಿತ. ಹೆಸರಿನ ಕಾಗುಣಿತ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ, ಊರಿನ ಹೆಸರಿನಿಂದಲೂ ಹುಡುಕಿ.

ಹಂತ 9: ಅದೇ ವಿಧಾನ, ಕಡಲಿನ ಮೇಲೆ

1805ರ ಅಕ್ಟೋಬರ್ 21ರ ಟ್ರಫಾಲ್ಗರ್ ತೆಗೆದುಕೊಳ್ಳಿ. ಹೊಸ ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಹಡಗನ್ನಲ್ಲ, ಗಾಳಿಯನ್ನು. ಅಂದು ಪಶ್ಚಿಮ-ವಾಯವ್ಯದಿಂದ ಮಂದ ಗಾಳಿ, ಪಶ್ಚಿಮದಿಂದ ದೊಡ್ಡ ಅಲೆ. ಗಾಳಿಯನ್ನು ಬರುವ ದಿಕ್ಕಿನಿಂದ ಹೆಸರಿಸುತ್ತಾರೆ, ಪ್ರವಾಹವನ್ನು ಹೋಗುವ ದಿಕ್ಕಿನಿಂದ. ಇದು ತಿರುಗುಮುರುಗಾದರೆ ಇಡೀ ನಕ್ಷೆ ತಿರುಗುಮುರುಗು. ಚೌಕಾಕಾರದ ಹಾಯಿಯ ಹಡಗು ಗಾಳಿಯ ದಿಕ್ಕಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಸಾಗಲಾರದು. ಗಾಳಿಯ ಬಾಣದ ಎರಡೂ ಪಕ್ಕ ಅಷ್ಟು ಕೋನ ತೆಗೆದು ಬಣ್ಣ ಬಳಿಯಿರಿ. ಅತ್ತ ಯಾರೂ ನೇರ ಹೋಗುವಂತಿಲ್ಲ.

ಬ್ರಿಟಿಷ್ ನೌಕಾಪತಿ ನೆಲ್ಸನ್ನನ 27 ಹಡಗುಗಳು ಎರಡು ಸಾಲಾಗಿ, ಉತ್ತರಕ್ಕೆ ಮುಖಮಾಡಿದ್ದ 33 ಫ್ರೆಂಚ್–ಸ್ಪ್ಯಾನಿಷ್ ಹಡಗುಗಳ ಸಾಲಿಗೆ ಅಡ್ಡಡ್ಡ ನುಗ್ಗಿದವು. ವೇಗ ಎರಡು ನಾಟ್ ಎಂದರೆ ನಿಮಿಷಕ್ಕೆ 62 ಮೀಟರ್. ಶತ್ರುವಿನ ಗುಂಡಿನ ಹೊಡೆತದ ಕೊನೆಯ ಸಾವಿರ ಮೀಟರ್ ದಾಟಲು ಹದಿನಾರು ನಿಮಿಷ. ಅಷ್ಟೂ ಹೊತ್ತು ಪಕ್ಕದ ತೋಪುಗಳು ಶತ್ರುವಿಗೆ ತಿರುಗವು. ಹುಚ್ಚುತನದಂತೆ ಕಾಣುವ ಈ ಸಾಹಸ ದಕ್ಕಿದ್ದು ಹೇಗೆ? ಪಶ್ಚಿಮದ ಅಲೆ ಶತ್ರು ಹಡಗುಗಳ ಪಕ್ಕೆಗೆ ಬಡಿದು ಅವನ್ನು ತೊಟ್ಟಿಲಂತೆ ತೂಗುತ್ತಿತ್ತು, ಗುರಿ ನಿಲ್ಲುತ್ತಿರಲಿಲ್ಲ. ಸಾಲು ಸೀಳಿದ ಕ್ಷಣದಿಂದ ಲೆಕ್ಕ ತಿರುಗಿತು. ಹಡಗಿನ ಹಿಂಭಾಗ ಬರೀ ಕಿಟಕಿ ಗಾಜು, ತೆಳು ಮರ. ಅಲ್ಲಿಂದ ಹೊಕ್ಕ ಗುಂಡು ಐವತ್ತು ಅರವತ್ತು ಮೀಟರ್ ಉದ್ದದ ತೋಪಿನ ಅಟ್ಟದ ಕೊನೆಯವರೆಗೂ ಅಡೆತಡೆಯಿಲ್ಲದೆ ಸಾಗುತ್ತದೆ. ನೆಲ್ಸನ್ನನ ವಿಕ್ಟರಿ ಹಡಗು ಫ್ರೆಂಚ್ ಧ್ವಜನೌಕೆ ಬುಸಾಂತೋರ್‌ಗೆ ಮಾಡಿದ್ದು ಇದನ್ನೇ.

ಹಡಗಿನ ದಿನಚರಿಗಳು ಕ್ಯೂದಲ್ಲಿ ಎಡಿಎಂ 51 (ಕಪ್ತಾನರದು), ಎಡಿಎಂ 52 (ಮಾಸ್ಟರ್‌ಗಳದು) ಸರಣಿಯಲ್ಲಿವೆ. ಅವುಗಳಲ್ಲಿ ಕದನ ಅಕ್ಟೋಬರ್ 22ರ ಕೆಳಗೆ ಸಿಕ್ಕರೆ ಗಾಬರಿ ಬೇಡ. ಆವರೆಗೆ ಹಡಗಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುತ್ತಿತ್ತು. ನಮ್ಮ 21ರ ಮಧ್ಯಾಹ್ನ ಅವರಿಗೆ 22ರ ಮೊದಲರ್ಧ. ಅದನ್ನು ಬದಲಿಸುವ ಆದೇಶ ಹೊರಟದ್ದು ಅದೇ ತಿಂಗಳು. ಇನ್ನು '74 ತೋಪಿನ ಹಡಗು' ಎಂಬುದು ದರ್ಜೆ ಮಾತ್ರ. ಕ್ಯಾರೊನೇಡ್ ಎಂಬ ಗಿಡ್ಡ ತೋಪುಗಳು ಆ ಎಣಿಕೆಯಲ್ಲಿ ಹಲವು ಸಲ ಸೇರುವುದಿಲ್ಲ.

ಹಂತ 10: ಜಾಗಕ್ಕೆ ಹೋಗುವುದು

ಯುರೋಪಿನಲ್ಲಿರುವವರು, ಪ್ರವಾಸ ಹೋಗುವವರು ತಮ್ಮ ಕಾಗದವನ್ನು ಮಡಚಿ ಒಯ್ಯಿರಿ. ಮೊದಲು 226 ಮೆಟ್ಟಿಲು ಹತ್ತಿ ಸಿಂಹದ ದಿಬ್ಬದಿಂದ ನೋಡಿ, ಆಮೇಲೆ ಇಳಿದು ಫ್ರೆಂಚರ ಕಡೆಯಿಂದ ನಡೆಯಿರಿ. ಮೇಲಿನಿಂದ ಸಪಾಟಾಗಿ ಕಂಡ ಬಯಲು ಕೆಳಗೆ ಮಡಿಕೆ ಮಡಿಕೆಯಾಗಿ ಜನರನ್ನು ನುಂಗುತ್ತದೆ. ಬೇಸಗೆಯಲ್ಲಿ ಬೆಲ್ಜಿಯಂ ಗಡಿಯಾರ ಆಗಿನ ಸೂರ್ಯಮಾನಕ್ಕಿಂತ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಮುಂದಿದೆ. ಇಂಪೀರಿಯಲ್ ಗಾರ್ಡ್ ಏರಿದ ಹೊತ್ತಿನ ಬೆಳಕು ಬೇಕೆಂದರೆ ರಾತ್ರಿ ಒಂಬತ್ತು ಗಂಟೆಗೆ ಅಲ್ಲಿರಬೇಕು.

ಹಾಯಿಹಡಗಿಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ವಿಕ್ಟರಿ. ಹಾರ್ಟ್ಲ್‌ಪೂಲ್‌ನಲ್ಲಿ ಟ್ರಿಂಕೋಮಲಿ ಇದೆ. 1817ರಲ್ಲಿ ಮುಂಬೈಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ್ದು. ಇಷ್ಟು ದೂರ ಹೋಗಲಾಗದವರಿಗೆ ಶ್ರೀರಂಗಪಟ್ಟಣವಿದೆ. ಕೋಟೆಯ ವಾಯವ್ಯ ಮೂಲೆಯಲ್ಲಿ 1799ರ ಮೇ 4ರಂದು ಬ್ರಿಟಿಷರು ನುಗ್ಗಿದ, ತೋಪಿನಿಂದ ಒಡೆದ ಗೋಡೆಯ ಮೇಲೆ ನಿಂತು, ಕಾವೇರಿಯಾಚೆಯ ದಂಡೆಗೆ ದೂರ ಅಳೆದು, ಬ್ರಿಟಿಷರ ವೇಗದ ನಡೆಯಾದ ನಿಮಿಷಕ್ಕೆ 108 ಹೆಜ್ಜೆ, ಹೆಜ್ಜೆಗೆ 76 ಸೆಂ.ಮೀ. ಹಿಡಿದು ಭಾಗಿಸಿ. ಬಂಡೆ, ನೀರಿಗೆ ಎಷ್ಟು ಸೇರಿಸಬೇಕೆಂಬುದನ್ನು ಬೇಸಗೆಯಲ್ಲಿ ಹೊಳೆ ನೋಡಿಯೇ ತೀರ್ಮಾನಿಸಬೇಕು. ಮಳೆಗಾಲದ ಹೊಳೆ ನೋಡಿ ಲೆಕ್ಕ ಹಾಕಿದರೆ ಆ ದಾಳಿ ನಡೆಯಲು ಸಾಧ್ಯವೇ ಇರಲಿಲ್ಲ ಎಂದಾಗುತ್ತದೆ.